ಮುಪ್ಪನ್ನು ನಿಲ್ಲಿಸಬಹುದಾ, ಸಾವನ್ನು ಗೆಲ್ಲಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಆಯಸ್ಸು ಹೆಚ್ಚಿಸುವ ಸಂಶೋಧನೆಯ ಸುದ್ದಿ ಬಂದಾಗಲೆಲ್ಲ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವನ್ನು ಜನ ಆಸೆಯಿಂದ ಕೇಳುತ್ತಾರೆ, ಕೆಲವನ್ನು ಭಯದಿಂದ. ಅವುಗಳಿಗೆ ಉತ್ತರಗಳು ಇಲ್ಲಿವೆ.

ನೇರವಾಗಿ ಹೇಳಿಬಿಡಿ. ವಿಜ್ಞಾನದಿಂದ ಮನುಷ್ಯ ಅಮರ ಆಗಬಹುದಾ?

ಆಗಲ್ಲ. ಆದರೆ ಮುಪ್ಪು ಬರುವ ವೇಗವನ್ನು ತಗ್ಗಿಸಬಹುದು. ಹುಳು, ನೊಣ, ಇಲಿಗಳಲ್ಲಿ ಇದನ್ನು ಈಗಾಗಲೇ ಮಾಡಿ ತೋರಿಸಿದ್ದಾರೆ. ಮನುಷ್ಯರಲ್ಲೂ ಒಂದು ಮಟ್ಟಿಗೆ ಆಗುತ್ತದೆ ಎಂದೇ ನನ್ನ ನಂಬಿಕೆ. ಮುಪ್ಪನ್ನು ನಿಧಾನ ಮಾಡುವುದು ಒಂದು ಕೆಲಸ, ಸಾವೇ ಬರದ ಹಾಗೆ ಮಾಡುವುದು ಇನ್ನೊಂದು. ಇವೆರಡನ್ನೂ ಕಲಸಿ ಮಾತಾಡಿದಾಗ ಒಳ್ಳೆಯ ಸಂಶೋಧನೆ ಹುಚ್ಚಾಟದ ಹಾಗೆ ಕಾಣುತ್ತದೆ, ಮೋಸದ ಮಾತ್ರೆ ಸಂಶೋಧನೆಯ ಹಾಗೆ ಕಾಣುತ್ತದೆ.

ಮುಪ್ಪು ನಿಂತುಬಿಟ್ಟರೆ ಸಾವೂ ನಿಲ್ಲಬೇಕಲ್ವಾ?

ಲೆಕ್ಕ ಹಾಕಿ ನೋಡೋಣ. 1825ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ಗೊಂಪರ್ಟ್ಜ್ ಎಂಬ ಗಣಿತಜ್ಞರು ಸಾವಿನ ಅಂಕಿಗಳನ್ನು ಮುಂದಿಟ್ಟುಕೊಂಡು ಒಂದು ವಿಷಯ ಗುರುತಿಸಿದರು. ಪ್ರಾಯಕ್ಕೆ ಬಂದ ಮೇಲೆ ಸಾಯುವ ಅಪಾಯ ವಯಸ್ಸಿನ ಜೊತೆ ಗುಣಿಸುತ್ತಾ ಹೋಗುತ್ತದೆ. ಇವತ್ತಿನ ಅಂಕಿಗಳಲ್ಲಿ ಅದು ಸುಮಾರು ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಅಂದರೆ 30ರಿಂದ 78ಕ್ಕೆ ಬರುವಷ್ಟರಲ್ಲಿ ಆರು ಸಲ ದುಪ್ಪಟ್ಟಾಗಿ 64 ಪಟ್ಟು ಏರಿರುತ್ತದೆ.

ಈಗ ಮುಪ್ಪು ಪೂರ್ತಿ ನಿಂತಿದೆ ಎಂದುಕೊಳ್ಳಿ. ಎಲ್ಲರ ದೇಹವೂ ಸದಾ 30ರಲ್ಲೇ ಇದೆ. ಸಾಯುವ ಅಪಾಯ ವರ್ಷಕ್ಕೆ ಸಾವಿರದಲ್ಲಿ ಒಂದು, ಅದು ಏರುವುದೂ ಇಲ್ಲ. ಸಾವಿರ ಜನರಿಂದ ಶುರು ಮಾಡಿದರೆ ಸುಮಾರು 693 ವರ್ಷಕ್ಕೆ ಅರ್ಧ ಜನ ಹೋಗಿರುತ್ತಾರೆ. 2,000 ವರ್ಷಕ್ಕೆ ಉಳಿಯುವವರು 135ರ ಆಸುಪಾಸು. 5,000 ವರ್ಷಕ್ಕೆ ಏಳು ಜನ. 10,000 ವರ್ಷ ಆಗುವಾಗ ಒಬ್ಬರು ಉಳಿದಿದ್ದರೂ ಆಶ್ಚರ್ಯವೇ. ಸತ್ತವರಲ್ಲಿ ಒಬ್ಬರಿಗೂ ಕೂದಲು ನರೆತಿರಲಿಲ್ಲ. ಅಪಘಾತ, ನೀರು, ಬೆಂಕಿ, ಸೋಂಕು, ಯುದ್ಧ ಇಷ್ಟೇ ಸಾಕಾಯಿತು.

ಮುಪ್ಪಿಲ್ಲದ ಬದುಕು ತುಂಬಾ ದೊಡ್ಡ ಬದುಕಾಗಬಹುದು. ಕೊನೆ ಮಾತ್ರ ಇದ್ದೇ ಇರುತ್ತದೆ.

ನೂರು ವರ್ಷದ ಹಿಂದೆ ಸರಾಸರಿ ಆಯಸ್ಸು ಈಗಿನ ಅರ್ಧ ಇತ್ತು. ಹೀಗೇ ಏರುತ್ತಾ ಹೋದರೆ 150 ಆಗಲ್ವಾ?

ಸರಾಸರಿ ಎನ್ನುವ ಅಂಕಿ ಇಲ್ಲಿ ದಾರಿ ತಪ್ಪಿಸುತ್ತದೆ. 1900ರ ಹೊತ್ತಿಗೆ ಜಗತ್ತಿನ ಸರಾಸರಿ ಆಯಸ್ಸು ಸುಮಾರು 32 ವರ್ಷ ಇತ್ತು, ಈಗ 73ರ ಹತ್ತಿರ ಇದೆ. ಆದರೆ ಆಗಿನವರು 32ಕ್ಕೇ ಮುದುಕರಾಗುತ್ತಿರಲಿಲ್ಲ. ಮಕ್ಕಳು ಸಾಯುತ್ತಿದ್ದರು. ಹುಟ್ಟಿದ ವರ್ಷದೊಳಗೆ, ಐದು ತುಂಬುವುದರೊಳಗೆ, ರಾಶಿ ರಾಶಿ ಮಕ್ಕಳು. ಶುದ್ಧ ನೀರು, ಲಸಿಕೆ, ಆ್ಯಂಟಿಬಯೋಟಿಕ್ ಬಂದು ಆ ಮಕ್ಕಳನ್ನು ಉಳಿಸಿದವು, ಸರಾಸರಿ ಜಿಗಿಯಿತು. ಮನುಷ್ಯ ಮಾಡಿದ ಕೆಲಸಗಳಲ್ಲೇ ಅತಿ ದೊಡ್ಡದು ಅದು ಎಂದು ನನಗನ್ನಿಸುತ್ತದೆ. ಆದರೆ ಅದು ಮುಪ್ಪನ್ನು ಮುಟ್ಟಲಿಲ್ಲ.

ಗರಿಷ್ಠ ಆಯಸ್ಸು ನೋಡಿ. ಫ್ರಾನ್ಸಿನ ಜೀನ್ ಕಾಲ್ಮೆಂಟ್ 1997ರಲ್ಲಿ ತೀರಿಕೊಂಡಾಗ ಅವರಿಗೆ 122 ವರ್ಷ 164 ದಿನ. ಅಷ್ಟು ವರ್ಷ ಬದುಕಿದ ಇನ್ನೊಬ್ಬರ ದಾಖಲೆ ಇವತ್ತಿಗೂ ಇಲ್ಲ. ಇನ್ನೊಂದು ಅಂಕಿ ಕೇಳಿದರೆ ಬಹಳ ಜನಕ್ಕೆ ನಂಬಿಕೆ ಬರುವುದಿಲ್ಲ: ಕ್ಯಾನ್ಸರ್ ಎಂಬ ಕಾಯಿಲೆಯನ್ನೇ ಪೂರ್ತಿ ಇಲ್ಲವಾಗಿಸಿದರೂ ಶ್ರೀಮಂತ ದೇಶಗಳಲ್ಲಿ ಸರಾಸರಿ ಆಯಸ್ಸು ಏರುವುದು ಸುಮಾರು ಮೂರು ವರ್ಷ. ಕ್ಯಾನ್ಸರಿನಿಂದ ಪಾರಾದ 80ರ ಹಿರಿಯರ ಹೃದಯಕ್ಕೂ 80, ಮೂತ್ರಪಿಂಡಕ್ಕೂ 80, ಮಿದುಳಿಗೂ 80. ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದು ತೆರೆದೇ ಇರುತ್ತದೆ. ಕಾಯಿಲೆಗಳನ್ನು ಒಂದೊಂದಾಗಿ ಹಿಡಿಯುವುದರ ಜೊತೆಗೆ ಮುಪ್ಪನ್ನೇ ಹಿಡಿಯಬೇಕು ಎಂಬ ವಾದ ಹುಟ್ಟಿದ್ದು ಇಲ್ಲಿಂದಲೇ.

ಅಸಲಿಗೆ ಮುಪ್ಪು ಅಂದರೆ ದೇಹದೊಳಗೆ ಆಗುವುದೇನು?

ಒಂದೇ ಒಂದು ಸಂಗತಿ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹಳೇ ಮನೆ ನೆನೆಸಿಕೊಳ್ಳಿ. ಸೂರು ಸೋರುತ್ತದೆ, ಗೋಡೆ ಬಿರುಕು ಬಿಡುತ್ತದೆ, ವೈರಿಂಗ್ ಹಾಳಾಗುತ್ತದೆ, ಬಾಗಿಲಿಗೆ ಗೆದ್ದಲು ಹಿಡಿಯುತ್ತದೆ. ಸೋರಿದ ನೀರು ವೈರಿಂಗನ್ನೂ ಕೆಡಿಸುತ್ತದೆ, ಗೆದ್ದಲನ್ನೂ ಬೆಳೆಸುತ್ತದೆ. ಮುಪ್ಪೂ ಹೀಗೆಯೇ ಒಂದಕ್ಕೊಂದು ಹೆಣೆದುಕೊಂಡ ಹಲವು ಹಾನಿಗಳು. 2013ರಲ್ಲಿ ಸಂಶೋಧಕರ ಒಂದು ಗುಂಪು ಇಂಥ ಒಂಬತ್ತು ಮುಖ್ಯ ಬದಲಾವಣೆಗಳನ್ನು ಪಟ್ಟಿ ಮಾಡಿತು. 2023ಕ್ಕೆ ಅದೇ ಪಟ್ಟಿ ಹನ್ನೆರಡಕ್ಕೆ ಏರಿತು.

ಅದರಲ್ಲಿ ಕೆಲವು ಹೇಳುತ್ತೇನೆ. ಡಿಎನ್‌ಎಗೆ ಪೆಟ್ಟು ಬೀಳುತ್ತಲೇ ಇರುತ್ತದೆ, ರಿಪೇರಿ ಪೂರ್ತಿ ಆಗುವುದಿಲ್ಲ. ಯಾವ ಜೀನ್ ಯಾವಾಗ ಕೆಲಸ ಮಾಡಬೇಕು ಎಂದು ಹೇಳುವ ಗುರುತುಗಳು ಕಲಸಿಹೋಗುತ್ತವೆ. ಹಾಳಾದ ಪ್ರೋಟೀನ್ ಗುಡಿಸಿ ಹೊರಗೆ ಹಾಕುವ ಕೆಲಸ ನಿಧಾನವಾಗುತ್ತದೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ದಣಿಯುತ್ತದೆ. ಕೆಲವು ಕೋಶಗಳು ಒಡೆದು ಎರಡಾಗುವುದನ್ನು ನಿಲ್ಲಿಸುತ್ತವೆ, ಸಾಯುವುದೂ ಇಲ್ಲ, ಕುಳಿತಲ್ಲೇ ಕುಳಿತು ಉರಿಯೂತ ಹುಟ್ಟಿಸುವ ವಸ್ತುಗಳನ್ನು ಸುತ್ತಲೂ ಬಿಡುತ್ತಾ ಇರುತ್ತವೆ. ಇವನ್ನು ಜೊಂಬಿ ಕೋಶಗಳು ಎಂದು ಕರೆಯುವುದುಂಟು.

ಎಲ್ಲ ಕೋಶಗಳೂ ಹೊಸದಾಗಿ ಹುಟ್ಟುತ್ತಿರುತ್ತವೆ ಎನ್ನುವ ಮಾತು ಕೇಳಿರುತ್ತೀರಿ. ಅದು ಅರ್ಧ ನಿಜ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹೃದಯದ ಸ್ನಾಯು ಹಾಗಲ್ಲ. ಅದನ್ನು ಅಳೆದ ರೀತಿ ನನಗೆ ಬಹಳ ಇಷ್ಟ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಜಾಸ್ತಿಯಾಯಿತು. ಅದು ಗಿಡಗಳಿಗೆ ಹೋಯಿತು, ಊಟದ ಮೂಲಕ ನಮ್ಮ ಡಿಎನ್‌ಎಗೂ ಸೇರಿತು. ಗಾಳಿಯಲ್ಲಿ ಅದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದ್ದರಿಂದ ಕೋಶ ಹುಟ್ಟಿದ ವರ್ಷದ ಮುದ್ರೆ ಅದರೊಳಗೇ ಉಳಿಯಿತು. ಸ್ವೀಡನ್ನಿನ ಸಂಶೋಧಕರು ಆ ಮುದ್ರೆಯನ್ನು ಓದಿ 2009ರಲ್ಲಿ ಲೆಕ್ಕ ಕೊಟ್ಟರು. 25ರ ವಯಸ್ಸಿನಲ್ಲಿ ಹೃದಯದ ಸ್ನಾಯುಕೋಶಗಳಲ್ಲಿ ಹೊಸದಾಗುವುದು ವರ್ಷಕ್ಕೆ ಶೇಕಡಾ 1. 75ಕ್ಕೆ ಅದು ಶೇಕಡಾ 0.45ಕ್ಕೆ ಇಳಿದಿರುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು ಕೋಶಗಳು ಹುಟ್ಟಿನಿಂದ ಕೊನೆಯವರೆಗೂ ಅವೇ. ಕಣ್ಣಿನ ಮಸೂರದ ನಡುಭಾಗದ ಪ್ರೋಟೀನಂತೂ ನಾವು ಹುಟ್ಟುವ ಮೊದಲೇ ತಯಾರಾದದ್ದು, ಅದನ್ನು ದೇಹ ಬದಲಿಸುವುದೇ ಇಲ್ಲ. ಪೊರೆ ಬರುವುದು ಅಲ್ಲೇ.

ಟೆಲೊಮಿಯರ್ ಉದ್ದ ಮಾಡಿದರೆ ಮುಗಿಯಿತಲ್ವಾ?

ಈ ಪ್ರಶ್ನೆಗೆ ಒಳ್ಳೆಯ ಹಿನ್ನೆಲೆ ಇದೆ. ಜೀವಕೋಶಗಳನ್ನು ದೇಹದ ಹೊರಗೆ ಸಾಕಿದರೆ ಅವು ಸದಾಕಾಲ ಬೆಳೆಯುತ್ತವೆ ಎಂದು ಬಹಳ ವರ್ಷ ನಂಬಿದ್ದರು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅದು ಸುಳ್ಳು ಎಂದು ತೋರಿಸಿದರು. ಮನುಷ್ಯನ ಸಾಮಾನ್ಯ ಕೋಶ 50 ಸಲದ ಆಸುಪಾಸು ಇಬ್ಭಾಗವಾಗಿ ನಿಂತುಬಿಡುತ್ತದೆ. ಕಾರಣ ಆಮೇಲೆ ತಿಳಿಯಿತು: ವರ್ಣತಂತುವಿನ ತುದಿಯಲ್ಲಿರುವ ಟೆಲೊಮಿಯರ್ ಪ್ರತಿ ಸಲವೂ ಸ್ವಲ್ಪ ಸವೆಯುತ್ತದೆ. ಅದನ್ನು ಮತ್ತೆ ಕಟ್ಟುವ ಟೆಲೊಮರೇಸ್ ಎಂಬ ಕಿಣ್ವವೂ ಸಿಕ್ಕಿತು. ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ ಅವರಿಗೆ 2009ರ ನೊಬೆಲ್ ಬಂದಿದ್ದು ಈ ಕೆಲಸಕ್ಕೇ.

ತೊಂದರೆ ಏನೆಂದರೆ, ಆ ಕಿಣ್ವವನ್ನು ಚೆನ್ನಾಗಿ ಬಳಸಿಕೊಳ್ಳುವುದು ಕ್ಯಾನ್ಸರ್. ಹತ್ತರಲ್ಲಿ ಎಂಟು ಒಂಬತ್ತು ಕ್ಯಾನ್ಸರ್‌ಗಳಲ್ಲಿ ಟೆಲೊಮರೇಸ್ ಚುರುಕಾಗಿರುತ್ತದೆ. ಅಮರ ಕೋಶಗಳು ನಿಜಕ್ಕೂ ಇವೆ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ, ಅವರನ್ನು ಒಂದು ಮಾತೂ ಕೇಳದೆ, ತೆಗೆದ ಕೋಶಗಳು ಜಗತ್ತಿನ ಲ್ಯಾಬ್‌ಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ. ಲಸಿಕೆಗಳಿಗೆ, ಔಷಧಿಗಳಿಗೆ ಅವುಗಳಿಂದ ಆದ ಉಪಕಾರ ದೊಡ್ಡದು. ಆದರೆ ಅದೇ ಕೋಶಗಳು ಅದೇ ವರ್ಷ ಅವರ ಪ್ರಾಣ ತೆಗೆದವು. ಅವರಿಗೆ ಆಗ 31 ವರ್ಷ. ಕೋಶ ಅಮರ ಆದ ಮಾತ್ರಕ್ಕೆ ಮನುಷ್ಯ ಅಮರ ಆಗುವುದಿಲ್ಲ.

ಪ್ರಕೃತಿಯಲ್ಲಿ ಸಾವಿಲ್ಲದ ಜೀವಿಗಳಿವೆಯಂತೆ, ನಿಜವಾ?

ಮುಪ್ಪಿಲ್ಲದವು ಇವೆ. ಸಿಹಿನೀರಿನ ಹೈಡ್ರಾ ಅದರಲ್ಲಿ ಒಂದು. ಡೇನಿಯಲ್ ಮಾರ್ಟಿನೆಜ್ ಎಂಬ ವಿಜ್ಞಾನಿ ನಾಲ್ಕು ವರ್ಷ ಹೈಡ್ರಾಗಳನ್ನು ಸಾಕಿ ನೋಡಿದರು. ಅವುಗಳ ಸಾಯುವ ಅಪಾಯ ವಯಸ್ಸಿನ ಜೊತೆ ಏರಲೇ ಇಲ್ಲ. ಟುರಿಟಾಪ್ಸಿಸ್ ಎಂಬ ಪುಟ್ಟ ಲೋಳೆಮೀನು ಪೆಟ್ಟಾದಾಗ, ಹಸಿವಾದಾಗ ತನ್ನ ಎಳೆಯ ಹಂತಕ್ಕೇ ವಾಪಸ್ ಹೋಗುತ್ತದೆ. ಹಾಗಂತ ಇವು ಸಾಯುವುದೇ ಇಲ್ಲ ಎಂದಲ್ಲ. ಮೀನು ತಿಂದರೆ ಮುಗಿಯಿತು.

ನಮಗೆ ಹತ್ತಿರದ ಸಸ್ತನಿಗಳು ಇನ್ನೂ ಹೆಚ್ಚು ಕಲಿಸುತ್ತವೆ. ಸಾಮಾನ್ಯ ಇಲಿ ಮೂರು ವರ್ಷ ಬದುಕಿದರೆ ಹೆಚ್ಚು. ಹೆಚ್ಚು ಕಡಿಮೆ ಅಷ್ಟೇ ಗಾತ್ರದ, ಮೈಮೇಲೆ ಕೂದಲಿಲ್ಲದ ಬೋಳು ಬಿಲಯಿಲಿ 30 ವರ್ಷ ದಾಟುತ್ತದೆ. ಬೋಹೆಡ್ ತಿಮಿಂಗಿಲ 200 ವರ್ಷದವರೆಗೆ ಬದುಕುತ್ತದೆ. ಬೇಟೆಯಲ್ಲಿ ಸಿಕ್ಕ ಕೆಲವು ತಿಮಿಂಗಿಲಗಳ ಮೈಯೊಳಗೆ ಹತ್ತೊಂಬತ್ತನೇ ಶತಮಾನದ ಈಟಿಯ ಮೊನೆಗಳು ಸಿಕ್ಕಿವೆ! ಆನೆಯಲ್ಲಿ ಕ್ಯಾನ್ಸರ್ ತಡೆಯುವ ಪಿ53 ಜೀನಿನ ಪ್ರತಿಗಳು ಸುಮಾರು 20 ಜೊತೆ ಇವೆ, ನಮ್ಮಲ್ಲಿ ಒಂದು ಜೊತೆ. ಆಯಸ್ಸು ಕಲ್ಲಿನಲ್ಲಿ ಕೊರೆದ ಅಂಕಿ ಅಲ್ಲ, ಜಾತಿಯಿಂದ ಜಾತಿಗೆ ಬದಲಾಗುವ ಗುಣ ಎನ್ನುವುದಕ್ಕೆ ಇವೇ ಸಾಕ್ಷಿ. ಹೈಡ್ರಾದ ಉಪಾಯ ಮಾತ್ರ ನಮಗೆ ಹೊಂದುವುದಿಲ್ಲ. ಅದು ತನ್ನ ಮೈಯನ್ನೆಲ್ಲ ಕೆಲವೇ ವಾರಗಳಲ್ಲಿ ಹೊಸ ಕೋಶಗಳಿಂದ ತುಂಬಿಸುತ್ತದೆ. ನಾವು ಮಿದುಳನ್ನು ಹಾಗೆ ಬದಲಿಸಿದರೆ, ಅದರಲ್ಲಿರುವ ನೆನಪುಗಳ ಗತಿ ಏನು?

ಹಾಗಾದರೆ ನಮಗೇಕೆ ಮುಪ್ಪು ಬರಬೇಕು?

ವಿಕಾಸಕ್ಕೆ ನಮ್ಮ ಮುಪ್ಪಿನ ಚಿಂತೆ ಇಲ್ಲ. ಕಾಡಿನಲ್ಲಿದ್ದಾಗ ಬಹುತೇಕ ಪ್ರಾಣಿಗಳು ಹಸಿವಿನಿಂದಲೋ ಬೇಟೆಗೆ ಸಿಕ್ಕಿಯೋ ಬೇಗ ಸಾಯುತ್ತವೆ. ಆ ವಯಸ್ಸಿನ ನಂತರ ಕೆಡುಕು ಮಾಡುವ ಜೀನ್‌ಗಳನ್ನು ಸೋಸಿ ತೆಗೆಯುವ ಅವಕಾಶವೇ ಪ್ರಕೃತಿಗೆ ಸಿಗುವುದಿಲ್ಲ. ಪೀಟರ್ ಮೆಡಾವರ್ ಇದನ್ನು 1952ರಲ್ಲಿ ಹೇಳಿದರು. 1957ರಲ್ಲಿ ಜಾರ್ಜ್ ವಿಲಿಯಮ್ಸ್ ಇನ್ನೊಂದು ಮಾತು ಸೇರಿಸಿದರು: ಪ್ರಾಯದಲ್ಲಿ ಅನುಕೂಲ ಮಾಡುವ ಜೀನ್ ಮುಪ್ಪಿನಲ್ಲಿ ತೊಂದರೆ ಕೊಟ್ಟರೂ ಅದು ಉಳಿದುಕೊಳ್ಳುತ್ತದೆ. ಅಂದರೆ ನಮ್ಮನ್ನು ಕೊಲ್ಲಲೆಂದೇ ಇಟ್ಟ ಗಡಿಯಾರ ಒಳಗೆ ಇಲ್ಲ. ಹುಡುಕಿ ಆಫ್ ಮಾಡಲು ಒಂದು ಸ್ವಿಚ್ಚೂ ಇಲ್ಲ.

ಇಲ್ಲಿಯವರೆಗೆ ನಿಜವಾಗಿ ಏನು ಕೆಲಸ ಮಾಡಿದೆ?

ಹಳೆಯದರಿಂದ ಶುರು ಮಾಡೋಣ. 1935ರಲ್ಲಿ ಕ್ಲೈವ್ ಮೆಕೇ ಎಂಬ ಪೋಷಣಾ ತಜ್ಞರು ಪೌಷ್ಟಿಕಾಂಶ ಕೆಡದ ಹಾಗೆ ಹೆಗ್ಗಣಗಳಿಗೆ ಊಟ ಕಡಿಮೆ ಮಾಡಿದರು. ಅವು ಜಾಸ್ತಿ ಬದುಕಿದವು. ಇದು ಎಷ್ಟೋ ಪ್ರಾಣಿಗಳಲ್ಲಿ ಮತ್ತೆ ಮತ್ತೆ ನಿಜವಾಗಿದೆ. ಕೋತಿಗಳ ವಿಷಯಕ್ಕೆ ಬಂದಾಗ ಮಾತ್ರ ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ಬೇರೆ ಬೇರೆ ಉತ್ತರ ಕೊಟ್ಟವು. ವಿಸ್ಕಾನ್ಸಿನ್‌ನಲ್ಲಿ ಕಡಿಮೆ ತಿಂದ ಕೋತಿಗಳು ಹೆಚ್ಚು ಬದುಕಿದವು. ಇನ್ನೊಂದರಲ್ಲಿ ಆಯಸ್ಸು ಹೆಚ್ಚಲಿಲ್ಲ. ಎರಡರಲ್ಲೂ ಆರೋಗ್ಯ ಸುಧಾರಿಸಿತ್ತು. ವಿಸ್ಕಾನ್ಸಿನ್ ಊಟದಲ್ಲಿ ಸಕ್ಕರೆ ಜಾಸ್ತಿ ಇತ್ತು, ಹೋಲಿಕೆಗೆ ಇಟ್ಟ ಕೋತಿಗಳು ಹೊಟ್ಟೆ ತುಂಬಾ ತಿನ್ನುತ್ತಿದ್ದವು. ಹಾಗಾಗಿ ಅಲ್ಲಿ ಕಡಿಮೆ ತಿಂದಿದ್ದಕ್ಕೆ ಲಾಭ ದೊಡ್ಡದಾಗಿ ಕಂಡಿರಬಹುದು. ಮನುಷ್ಯರ ಮೇಲೆ ಎರಡು ವರ್ಷದ ಒಂದು ಪ್ರಯೋಗ ಆಗಿದೆ. ಶೇಕಡಾ 25 ಊಟ ಕಡಿಮೆ ಮಾಡಿ ಎಂದರೆ ಜನರಿಗೆ ಆಗಿದ್ದು ಸುಮಾರು 12. ಅಷ್ಟಕ್ಕೇ ರಕ್ತದೊತ್ತಡ, ಕೊಲೆಸ್ಟ್ರಾಲ್ ಇಳಿದವು. ಆಯಸ್ಸು ಹೆಚ್ಚಿತೇ ಎಂದು ಎರಡು ವರ್ಷದಲ್ಲಿ ಹೇಳಲು ಬರುವುದಿಲ್ಲ.

1993ರಲ್ಲಿ ಸಿಂಥಿಯಾ ಕೆನ್ಯನ್ ತಂಡದ ಕೆಲಸ ಬಂತು. ಮಣ್ಣಿನಲ್ಲಿರುವ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಒಂದೇ ಒಂದು ಜೀನ್ ಬದಲಾದರೆ ಆಯಸ್ಸು ಎರಡು ಪಟ್ಟಾಗುತ್ತದೆ ಎಂದು ಅವರು ತೋರಿಸಿದರು. ಸಾಮಾನ್ಯ ಹುಳುಗಳು ಮುದಿಯಾಗಿ ಅಲ್ಲಾಡದೆ ಬಿದ್ದಿರುವ ವಯಸ್ಸಿನಲ್ಲಿ ಈ ಹುಳುಗಳು ತಟ್ಟೆಯ ತುಂಬಾ ಓಡಾಡುತ್ತಿದ್ದವು. ಅಲ್ಲಿಯವರೆಗೆ ಮುಪ್ಪು ಎಂದರೆ ಸುಮ್ನೆ ಸವೆತ, ಅದರಲ್ಲಿ ಸಂಶೋಧನೆ ಮಾಡಲು ಏನೂ ಇಲ್ಲ ಎಂದುಕೊಂಡವರೇ ಜಾಸ್ತಿ. ಆ ಮಾತು ಅಲ್ಲಿಗೆ ನಿಂತಿತು.

ನನಗೆ ಅತಿ ಹೆಚ್ಚು ಭರವಸೆ ಕೊಡುವ ಔಷಧಿ ರಾಪಾಮೈಸಿನ್. 1964ರಲ್ಲಿ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ ಹೋದ ತಂಡವೊಂದು ಮಣ್ಣು ತಂದಿತ್ತು. ಆ ದ್ವೀಪದ ಸ್ಥಳೀಯ ಹೆಸರು ರಾಪಾ ನೂಯಿ. ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಸುರೇಂದ್ರನಾಥ ಸೆಹಗಲ್ ಮತ್ತು ಅವರ ತಂಡ ಈ ವಸ್ತುವನ್ನು ಬೇರ್ಪಡಿಸಿದರು. ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಇದು ಬಹಳ ಕಾಲದಿಂದ ಬಳಕೆಯಲ್ಲಿದೆ. 2009ರಲ್ಲಿ ಮೂರು ಬೇರೆ ಬೇರೆ ಲ್ಯಾಬ್‌ಗಳಲ್ಲಿ ಒಂದೇ ಹೊತ್ತಿಗೆ ಇಲಿಗಳಿಗೆ ಕೊಟ್ಟು ನೋಡಿದರು. ಆ ಇಲಿಗಳಿಗೆ ಆಗಲೇ 600 ದಿನ, ನಮ್ಮ ಲೆಕ್ಕದಲ್ಲಿ 60 ವರ್ಷ. ಆದರೂ ಹತ್ತರಲ್ಲಿ ಒಂಬತ್ತು ಇಲಿಗಳು ಸಾಯುವ ವಯಸ್ಸು ಹೆಣ್ಣುಗಳಲ್ಲಿ ಶೇಕಡಾ 14, ಗಂಡುಗಳಲ್ಲಿ ಶೇಕಡಾ 9 ಮುಂದಕ್ಕೆ ಹೋಯಿತು. ಮುಪ್ಪು ಶುರುವಾದ ಮೇಲೂ ತಡ ಆಗಿಲ್ಲ ಎಂದು ತೋರಿಸಿದ್ದೇ ಇದರ ದೊಡ್ಡತನ. ಹಾಗಂತ ನಾಳೆಯೇ ನುಂಗಬೇಡಿ. ಇದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ. ಆರೋಗ್ಯವಂತರು ಎಷ್ಟು ತೆಗೆದುಕೊಂಡರೆ ಒಳ್ಳೆಯದು, ಎಷ್ಟಕ್ಕೆ ಕೆಟ್ಟದ್ದು ಎನ್ನುವುದು ಇನ್ನೂ ತೀರ್ಮಾನ ಆಗಿಲ್ಲ.

ಜೊಂಬಿ ಕೋಶಗಳನ್ನು ತೆಗೆದುಹಾಕಿದ ಇಲಿಗಳು ಚೆನ್ನಾಗಿ ಬಾಳಿದ್ದನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು 2011 ಮತ್ತು 2016ರಲ್ಲಿ ತೋರಿಸಿದರು. ಮನುಷ್ಯರ ಮೊಣಕಾಲು ನೋವಿಗೆ ಅದೇ ದಾರಿಯ ಒಂದು ಇಂಜೆಕ್ಷನ್ ಕೊಟ್ಟು ನೋಡಿದಾಗ, 2020ರಲ್ಲಿ ಬಂದ ಫಲಿತಾಂಶ ನಿರಾಸೆಯದು. ಔಷಧಿ ಇಲ್ಲದ ಹುಸಿ ಇಂಜೆಕ್ಷನ್ನಿಗಿಂತ ಅದು ಮೇಲಾಗಿರಲಿಲ್ಲ. ಇಲಿಯಿಂದ ಮನುಷ್ಯನಿಗೆ ಇರುವ ದೂರ ಬಹಳ ದೊಡ್ಡದು. ಇಲಿಗಳು ಬಹುಪಾಲು ಕ್ಯಾನ್ಸರಿನಿಂದ ಸಾಯುತ್ತವೆ. ನಾವು ಹಾಗಲ್ಲ.

ಮುದಿ ಕೋಶವನ್ನು ಮತ್ತೆ ಎಳೆಯದಾಗಿಸಬಹುದು ಎಂದು ಕೇಳಿದೆ. ಹೌದಾ?

ಹೌದು. ಮನುಷ್ಯರು ಇದನ್ನು ಪ್ರತಿದಿನ ಮಾಡುತ್ತಾರೆ. 40 ವರ್ಷದ ತಂದೆ ತಾಯಿಯ ಕೋಶಗಳಿಂದ ಹುಟ್ಟುವ ಮಗು 40 ವರ್ಷದ್ದಾಗಿ ಹುಟ್ಟುವುದಿಲ್ಲ, ಸೊನ್ನೆಯಿಂದ ಶುರು ಮಾಡುತ್ತದೆ. ಆ ಸೊನ್ನೆಗೆ ತರುವ ಕೆಲಸವನ್ನು ಲ್ಯಾಬಿನಲ್ಲಿ ಮಾಡಿದವರು ಜಪಾನಿನ ಶಿನ್ಯಾ ಯಮನಾಕ. 2006ರಲ್ಲಿ ಅವರು ನಾಲ್ಕು ಜೀನ್‌ಗಳನ್ನು ಇಲಿಯ ಸಾಧಾರಣ ಕೋಶದಲ್ಲಿ ಚಾಲೂ ಮಾಡಿ ಅದನ್ನು ಭ್ರೂಣದ ಕೋಶದಂತೆ ಮಾಡಿದರು. 2012ರಲ್ಲಿ ನೊಬೆಲ್ ಬಂತು.

ಬದುಕಿರುವ ದೇಹದಲ್ಲಿ ಇದನ್ನು ಪೂರ್ತಿ ಮಾಡಿದರೆ ಅನಾಹುತ. ಚರ್ಮದ ಕೋಶ ತಾನು ಚರ್ಮ ಎನ್ನುವುದನ್ನೇ ಮರೆಯುತ್ತದೆ, ಗಡ್ಡೆಗಳು ಏಳುತ್ತವೆ. ಇಲಿಗಳಲ್ಲಿ ಹಾಗೆ ಆಗಿದೆ. ಅದಕ್ಕೇ ಈಗ ಸ್ವಲ್ಪ ಹೊತ್ತು ಮಾತ್ರ ಚಾಲೂ ಮಾಡಿ ನಿಲ್ಲಿಸುವ ಪ್ರಯತ್ನ ನಡೆದಿದೆ. 2020ರಲ್ಲಿ ಹಾರ್ವರ್ಡ್‌ನ ತಂಡವೊಂದು ನಾಲ್ಕರಲ್ಲಿ ಮೂರು ಜೀನ್‌ಗಳನ್ನು ಬಳಸಿ ಮುದಿ ಇಲಿಗಳ ದೃಷ್ಟಿಯನ್ನು ಸುಧಾರಿಸಿತು. ಇಡೀ ಕ್ಷೇತ್ರದಲ್ಲಿ ನಿಜವಾಗಿ ಹೊಸದು ಎನ್ನಿಸುವುದು ನನಗೆ ಇದೇ. ಉಳಿದ ದಾರಿಗಳು ಹಾನಿಯನ್ನು ನಿಧಾನ ಮಾಡುತ್ತವೆ, ಇದು ಹಿಂದಕ್ಕೆ ಹೋಗುವ ಮಾತಾಡುತ್ತದೆ. ಅಪಾಯವೂ ಅಷ್ಟೇ ದೊಡ್ಡದು.

ಎಳೆಯರ ರಕ್ತ ಹಾಕಿಸಿಕೊಂಡರೆ ಪ್ರಾಯ ಬರುತ್ತದಾ?

ಮಗನ ಯೌವನ ಪಡೆದ ಯಯಾತಿಯ ಕಥೆ ನಮಗೆ ಗೊತ್ತಿರುವುದೇ. ಲ್ಯಾಬಿನಲ್ಲಿ ನಡೆದದ್ದು ಇಷ್ಟು: 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಳೆಯ ಇಲಿ ಮತ್ತು ಮುದಿ ಇಲಿಯ ರಕ್ತಸಂಚಾರ ಜೋಡಿಸಿದಾಗ ಮುದಿ ಇಲಿಯ ಸ್ನಾಯು ಬೇಗ ಗುಣವಾಯಿತು. ಆಮೇಲೆ, 2020ರಲ್ಲಿ, ಎಳೆಯ ರಕ್ತವೇ ಇಲ್ಲದೆ ಮುದಿ ಇಲಿಯ ಪ್ಲಾಸ್ಮಾವನ್ನು, ಅಂದರೆ ರಕ್ತದ ದ್ರವಭಾಗವನ್ನು, ತೆಳು ಮಾಡಿದರೂ ಅಂಥದ್ದೇ ಪರಿಣಾಮ ಕಂಡಿತು. ಅಮೆರಿಕದ ಔಷಧ ನಿಯಂತ್ರಕರು 2019ರಲ್ಲೇ ಎಚ್ಚರಿಸಿದ್ದಾರೆ: ಯುವಕರ ಪ್ಲಾಸ್ಮಾದಿಂದ ಮುಪ್ಪು ಹೋಗುತ್ತದೆ ಎನ್ನಲು ಪುರಾವೆ ಇಲ್ಲ, ಅಪಾಯ ಇದೆ.

ಕೆಟ್ಟ ಅಂಗಗಳನ್ನೆಲ್ಲ ಬದಲಿಸುತ್ತಾ ಹೋದರೆ?

ಒಂದಷ್ಟು ದೂರ ಹೋಗಬಹುದು. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಜೀನ್ ತಿದ್ದಿದ ಹಂದಿಯ ಹೃದಯವನ್ನು ಒಬ್ಬ ರೋಗಿಗೆ ಕಸಿ ಮಾಡಿದರು. ಅವರು ಸುಮಾರು ಎರಡು ತಿಂಗಳು ಬದುಕಿದರು. ಈ ದಾರಿ ಮುಂದುವರಿಯುತ್ತಿದೆ. ಆದರೆ ರಕ್ತನಾಳಗಳು ಮೈತುಂಬಾ ಹರಡಿವೆ, ಅವನ್ನು ಬಿಚ್ಚಿ ಬೇರೆ ಹಾಕಲು ಆಗುವುದಿಲ್ಲ. 85ರ ದೇಹಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ತಡೆದುಕೊಳ್ಳುವುದೇ ಕಷ್ಟ. ಮಿದುಳನ್ನು ಬದಲಿಸಿದರೆ ಉಳಿಯುವವರು ನೀವಲ್ಲ.

ಮನಸ್ಸನ್ನೇ ಕಂಪ್ಯೂಟರಿಗೆ ಹಾಕಿದರೆ ಹೇಗೆ?

ಮೇಲೆ ಹೇಳಿದ ಒಂದು ಮಿಲಿಮೀಟರ್ ಹುಳುವಿನಲ್ಲಿ ಇರುವುದು 302 ನರಕೋಶ. ಅವುಗಳ ಜೋಡಣೆಯ ನಕ್ಷೆ 1986ರಲ್ಲೇ ಪ್ರಕಟವಾಯಿತು. ಅಷ್ಟಿದ್ದರೂ ಆ ಹುಳುವಿನ ಬದುಕನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ನಡೆಸಲು ಇನ್ನೂ ಆಗಿಲ್ಲ. 2024ರಲ್ಲಿ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಬಂತು, ಸುಮಾರು 1,39,000 ನರಕೋಶ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ. ಒಂದು ವೇಳೆ ನಕಲು ಸಿದ್ಧವಾದರೂ ಅದು ನಿಮ್ಮ ಹಾಗೆ ಮಾತಾಡುವ ಇನ್ನೊಂದು. ನೀವು ಕುರ್ಚಿಯಲ್ಲಿ ಕುಳಿತೇ ಇರುತ್ತೀರಿ, ನಿಮಗೆ ವಯಸ್ಸಾಗುತ್ತಲೇ ಇರುತ್ತದೆ.

ಸತ್ತ ಮೇಲೆ ದೇಹವನ್ನು ಅತಿ ತಂಪಿನಲ್ಲಿಟ್ಟರೆ ಮುಂದೆ ಎಬ್ಬಿಸಬಹುದಾ?

1967ರಲ್ಲಿ ಜೇಮ್ಸ್ ಬೆಡ್‌ಫರ್ಡ್ ಎಂಬವರ ದೇಹವನ್ನು ಮೊದಲು ಹಾಗೆ ಇಟ್ಟರು. ಅವರೂ ಎದ್ದಿಲ್ಲ, ಆಮೇಲೆ ಇಟ್ಟವರಲ್ಲಿ ಒಬ್ಬರೂ ಎದ್ದಿಲ್ಲ. ಇದೇ ತಂತ್ರದಿಂದ ಮೂತ್ರಪಿಂಡ ಕಾಪಾಡಿಡುವ ಕೆಲಸ ಪ್ರಾಣಿಗಳಲ್ಲಿ ಮುಂದುವರಿದಿದೆ. 2023ರಲ್ಲಿ ಹೆಗ್ಗಣದ ಮೂತ್ರಪಿಂಡವನ್ನು ಹೀಗಿಟ್ಟು, ಮತ್ತೆ ಬೆಚ್ಚಗೆ ಮಾಡಿ, ಕಸಿ ಮಾಡಿ ಕೆಲಸ ಮಾಡಿಸಿದರು. ಅಂಗದಾನಕ್ಕೆ ಅದು ದೊಡ್ಡ ವರ.

ಮುಪ್ಪು ತಡೆಯುವ ಮಾತ್ರೆ, ಪುಡಿ, ಇಂಜೆಕ್ಷನ್ ಮಾರುತ್ತಾರಲ್ಲ, ತೆಗೆದುಕೊಳ್ಳಲಾ?

ಬೇಡ. ಈ ವ್ಯಾಪಾರಕ್ಕೆ ಬಹಳ ವಯಸ್ಸಾಗಿದೆ. 1889ರಲ್ಲಿ ಬ್ರೌನ್-ಸೆಕಾರ್ ಎಂಬ ಹೆಸರಾಂತ ವೈದ್ಯರು, ತಮ್ಮ 72ನೇ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಯ ವೃಷಣದ ರಸ ಚುಚ್ಚಿಕೊಂಡು ಪ್ರಾಯ ಬಂತು ಎಂದರು. 1920ರ ದಶಕದಲ್ಲಿ ಸೆರ್ಜ್ ವೊರೊನಾಫ್ ಶ್ರೀಮಂತರಿಗೆ ಕೋತಿಯ ವೃಷಣದ ಚೂರುಗಳನ್ನು ಕಸಿ ಮಾಡಿದರು. ಆಮೇಲೆ ಆ್ಯಂಟಿಆಕ್ಸಿಡೆಂಟ್ ಕಾಲ ಬಂತು. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಿತ್ತು. ಬೀಟಾ ಕ್ಯಾರೋಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಜಾಸ್ತಿ ಆಗಿತ್ತು! ಒಳ್ಳೆಯದಾಗಲಿ ಎಂದು ತಿಂದ ಮಾತ್ರೆ ಅದು. ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಬಗ್ಗೆಯೂ ದೊಡ್ಡ ಸದ್ದಾಯಿತು. ಸಾಮಾನ್ಯ ಊಟ ತಿನ್ನುವ ಇಲಿಗಳಲ್ಲಿ ಅದು ಆಯಸ್ಸು ಹೆಚ್ಚಿಸಲಿಲ್ಲ.

ಇಂಥದ್ದನ್ನು ಕೊಳ್ಳುವವರು ದಡ್ಡರಲ್ಲ, ಹೆದರಿದವರು. ಅವರ ಹೆದರಿಕೆಯಿಂದ ದುಡ್ಡು ಮಾಡುವವರ ಮೇಲೆ ನನಗೆ ಸಿಟ್ಟಿದೆ. ಯಾರಾದರೂ ಮಾರಲು ಬಂದರೆ ಒಂದು ಪ್ರಶ್ನೆ ಕೇಳಿ: ಇದನ್ನು ತಿಂದ ಮನುಷ್ಯರು, ಹುಸಿ ಮಾತ್ರೆ ತಿಂದ ಮನುಷ್ಯರಿಗಿಂತ ಹೆಚ್ಚು ಕಾಲ ಆರೋಗ್ಯವಾಗಿ ಬದುಕಿದರಾ? ಸದ್ಯಕ್ಕೆ ಮುಪ್ಪಿನ ಮದ್ದು ಎಂದು ಮಾರುವ ಯಾವುದಕ್ಕೂ ಈ ಪ್ರಶ್ನೆಗೆ ಹೌದು ಎಂಬ ಉತ್ತರ ಇಲ್ಲ.

ಎಲ್ಲರೂ 150 ವರ್ಷ ಬದುಕಿದರೆ ಭೂಮಿಯಲ್ಲಿ ಜಾಗ ಎಲ್ಲಿ?

ಜನಸಂಖ್ಯೆಯನ್ನು ಆಯಸ್ಸಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಹೆರಿಗೆಗಳು. ಅವು ಬಹುತೇಕ ದೇಶಗಳಲ್ಲಿ ಇಳಿಯುತ್ತಿವೆ. ನನ್ನ ಚಿಂತೆ ಬೇರೆ. ಇಂಥ ಚಿಕಿತ್ಸೆ ಮೊದಲು ಯಾರಿಗೆ ಸಿಗುತ್ತದೆ? ದುಡ್ಡಿರುವವರಿಗೆ ಮಾತ್ರ 40 ವರ್ಷ ಹೆಚ್ಚು ಸಿಕ್ಕರೆ ಆಸ್ತಿ, ಅಧಿಕಾರ, ಕುರ್ಚಿ ಎಲ್ಲವೂ ಅಲ್ಲೇ ಉಳಿಯುತ್ತದೆ. ಸರ್ವಾಧಿಕಾರಿಗಳಿಂದ ಬಿಡುಗಡೆ ಸಿಗುವುದು ಎಷ್ಟೋ ಸಲ ಅವರ ಸಾವಿನಿಂದಲೇ. ಲಸಿಕೆಯ ಹಾಗೆ ಎಲ್ಲರಿಗೂ ಸಿಗುವಂತೆ ಮಾಡುವ ಜಗಳವನ್ನು ಔಷಧಿ ಬರುವ ಮೊದಲೇ ಶುರು ಮಾಡಬೇಕು.

ಸಾವು ಸಹಜ. ಇದನ್ನೆಲ್ಲ ಯಾಕೆ ಕೆದಕಬೇಕು?

ಸಾವು ಸಹಜ, ಒಪ್ಪುತ್ತೇನೆ. ಸಿಡುಬೂ ಸಹಜವೇ ಆಗಿತ್ತು. ನಮ್ಮ ಅಜ್ಜಿ ಕೊನೆಯ ವರ್ಷಗಳಲ್ಲಿ ಹಾಸಿಗೆಯಿಂದ ಏಳುವ ಮುಂಚೆ ಅಂಚಿನಲ್ಲಿ ಕುಳಿತು, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಸ್ವಲ್ಪ ಹೊತ್ತು ಧೈರ್ಯ ತಂದುಕೊಳ್ಳುತ್ತಿದ್ದರು. ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವರು ಅಮರತ್ವ ಕೇಳುತ್ತಿರಲಿಲ್ಲ. ಬಚ್ಚಲಿಗೆ ಒಬ್ಬರೇ ಹೋಗಿಬರುವಂತಾಗಲಿ ಎನ್ನುತ್ತಿದ್ದರು. ಮುಪ್ಪಿನ ಸಂಶೋಧನೆ ಅಷ್ಟನ್ನು ಕೊಟ್ಟರೂ ಅದಕ್ಕೆ ಹಾಕಿದ ದುಡ್ಡು, ವರ್ಷ ಎಲ್ಲವೂ ಸಾರ್ಥಕ. ಆಯಸ್ಸು ಹತ್ತು ವರ್ಷ ಹೆಚ್ಚುವುದಕ್ಕಿಂತ, ಇರುವ ಆಯಸ್ಸಿನ ಕೊನೆಯ ಹತ್ತು ವರ್ಷ ಕಷ್ಟವಿಲ್ಲದೆ ಕಳೆಯುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಸದ್ಯಕ್ಕೆ ನನ್ನ ಕೈಲಿ ಏನಾದರೂ ಇದೆಯಾ?

ಇದೆ, ಹೊಸದೇನಲ್ಲ. ಬ್ರಿಟನ್ನಿನ ವೈದ್ಯರನ್ನು 1951ರಿಂದ 50 ವರ್ಷ ಗಮನಿಸಿದ ಅಧ್ಯಯನ ಒಂದಿದೆ. ಬಿಡದೆ ಸಿಗರೇಟು ಸೇದಿದವರು ಸುಮಾರು ಹತ್ತು ವರ್ಷ ಮೊದಲೇ ಸತ್ತರು. 30ಕ್ಕೆ ಬಿಟ್ಟವರಿಗೆ ಆ ಹತ್ತು ವರ್ಷ ಹೆಚ್ಚು ಕಡಿಮೆ ಪೂರ್ತಿ ವಾಪಸ್ ಸಿಕ್ಕಿತು, 40ಕ್ಕೆ ಬಿಟ್ಟವರಿಗೆ ಒಂಬತ್ತು, 50ಕ್ಕೆ ಆರು, 60ಕ್ಕೆ ಬಿಟ್ಟವರಿಗೂ ಮೂರು. ಮನುಷ್ಯರ ಮೇಲೆ ಇಷ್ಟು ಗಟ್ಟಿ ಪುರಾವೆ ಇರುವ ಮುಪ್ಪಿನ ಔಷಧಿ ಒಂದೂ ಇಲ್ಲ. ರಕ್ತದೊತ್ತಡ ಅಳತೆಯಲ್ಲಿಡಿ, ಅದು ಸದ್ದಿಲ್ಲದೆ ಮಿದುಳನ್ನೂ ಹೃದಯವನ್ನೂ ಕೆಡಿಸುತ್ತದೆ. ನಡೆಯಿರಿ, ಜೊತೆಗೆ ಸ್ನಾಯುಗಳಿಗೆ ಕೆಲಸ ಕೊಡಿ. ಸ್ನಾಯು ಕರಗಿದ ಮೇಲೆಯೇ ಬೀಳುವುದು ಜಾಸ್ತಿಯಾಗುವುದು.

ನಾನು ಬದುಕಿರುವಾಗ ಮುಪ್ಪಿನ ಔಷಧಿ ಬರುತ್ತದಾ?

ವರ್ಷ ಹೇಳುವವರನ್ನು ನಂಬಬೇಡಿ. ಯಾವ ಕಡೆ ಕಣ್ಣಿಡಬೇಕು ಎಂದು ಮಾತ್ರ ಹೇಳಬಲ್ಲೆ. ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆ ಮೆಟ್‌ಫಾರ್ಮಿನ್ ಅನ್ನು 65ರಿಂದ 79 ವಯಸ್ಸಿನ ಸುಮಾರು 3,000 ಜನರಿಗೆ ಕೊಟ್ಟು, ಹೃದ್ರೋಗ, ಕ್ಯಾನ್ಸರ್, ಮರೆವಿನ ಕಾಯಿಲೆ ಎಲ್ಲವೂ ಒಟ್ಟಿಗೆ ತಡವಾಗುತ್ತವೆಯೇ ಎಂದು ನೋಡುವ ಯೋಜನೆ ಅಮೆರಿಕದಲ್ಲಿದೆ. ಪೇಟೆಂಟ್ ಮುಗಿದ ಅಗ್ಗದ ಮಾತ್ರೆಯಾದ್ದರಿಂದ ಕಂಪನಿಗಳಿಗೆ ಇದರಲ್ಲಿ ಲಾಭ ಇಲ್ಲ, ದುಡ್ಡು ಹೊಂದಿಸುವುದೇ ಕಷ್ಟವಾಗಿದೆ. ಔಷಧ ನಿಯಂತ್ರಕರು ಮುಪ್ಪನ್ನು ಕಾಯಿಲೆ ಎಂದು ಪರಿಗಣಿಸದಿರುವುದೂ ಒಂದು ತೊಡಕು. ಇನ್ನೊಂದು ಕಡೆ, ಮನೆಗಳಲ್ಲಿ ಸಾಕಿರುವ ನಾಯಿಗಳಿಗೆ ರಾಪಾಮೈಸಿನ್ ಕೊಟ್ಟು ನೋಡುವ ಪ್ರಯೋಗ ನಡೆದಿದೆ. ನಾಯಿ ನಮ್ಮ ಜೊತೆಗೇ ಇರುತ್ತದೆ, ನಮ್ಮದೇ ಗಾಳಿ ಉಸಿರಾಡುತ್ತದೆ, ನಮಗಿಂತ ಬೇಗ ಮುದಿಯಾಗುತ್ತದೆ. ಹಾಗಾಗಿ ಲ್ಯಾಬಿನ ಇಲಿಗಿಂತ ಅದರಿಂದ ಬರುವ ಉತ್ತರಕ್ಕೆ ತೂಕ ಜಾಸ್ತಿ.